ಬ್ರೇಕ್ ಒತ್ತಿದಾಗ ಪೆಡಲ್ ಎಲ್ಲಿರಬೇಕು?

ಪುಟ್ಟ ಸ್ಪೋರ್ಟ್ಸ್ ಕಾರನ್ನು ಹೊಸದಾಗಿ ಕೊಂಡವರು ಮೊದಲು ಮಾತಾಡುವುದು ಎಂಜಿನ್ನಿನ ಬಗ್ಗೆ. ನಾಲ್ಕು ದಿನ ಓಡಿಸಿದ ಮೇಲೆ ಮಾತು ಕಾಲಬುಡಕ್ಕೆ ಇಳಿಯುತ್ತದೆ. ಬ್ರೇಕ್ ತುಳಿಯಲು ಹೋದರೆ ಶೂವಿನ ಅಂಚು ಆಕ್ಸಿಲರೇಟರಿಗೂ ತಗಲುತ್ತದೆ. ಕ್ಲಚ್ ಬಿಟ್ಟ ಎಡಗಾಲಿಗೆ ಊರಿಕೊಳ್ಳಲು ಜಾಗವಿಲ್ಲ. ಎತ್ತರದವರ ಮಂಡಿ ಸ್ಟಿಯರಿಂಗಿಗೆ ಬಡಿಯುತ್ತದೆ. ಕುಳ್ಳಗಿರುವವರು ಕ್ಲಚ್ಚನ್ನು ಪೂರ್ತಿ ಒತ್ತಬೇಕಾದರೆ ಸೀಟಿನಲ್ಲಿ ಜಾರಿ ಮುಂದಕ್ಕೆ ಬರಬೇಕು. ಮನೆಯ ದೊಡ್ಡ ಕಾರಿನಲ್ಲಿ ಎಂದೂ ಗಮನಕ್ಕೆ ಬಾರದ ಸಂಗತಿ ಇಲ್ಲಿ ಪ್ರತಿ ಸಲ ಗೇರ್ ಬದಲಿಸುವಾಗಲೂ ನೆನಪಾಗುತ್ತದೆ.

ಕಳೆದ ಆರೇಳು ದಶಕಗಳಲ್ಲಿ ತಯಾರಕರೂ ಗ್ಯಾರೇಜಿನ ಮೆಕ್ಯಾನಿಕ್‌ಗಳೂ ಕಾರಿನ ಒಡೆಯರೂ ಈ ಇಕ್ಕಟ್ಟಿಗೆ ಹಲವು ದಾರಿ ಹುಡುಕಿದ್ದಾರೆ. ಸೀಟನ್ನು ಸರಿಸುವುದು, ಸೀಟನ್ನು ಕದಲಿಸದೆ ಪೆಡಲನ್ನೇ ಸರಿಸುವುದು, ಪೆಡಲಿನ ಮೇಲೆ ಇನ್ನೊಂದು ತಟ್ಟೆ ಕೂರಿಸುವುದು, ಅದರ ತೋಳನ್ನು ಬಗ್ಗಿಸುವುದು, ಹಿಂದಿನ ಸರಳಿನ ಉದ್ದ ಬದಲಿಸುವುದು. ಎಲ್ಲವೂ ಒಂದೇ ತೂಕದವಲ್ಲ. ಕೆಲವು ನಿರಪಾಯ, ಕೆಲವು ಜೀವಕ್ಕೇ ಎರವಾಗಬಲ್ಲವು. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ನನಗೆ ಗಟ್ಟಿಯಾಗಿ ಅನಿಸಿರುವುದು ಇಷ್ಟು: ಪೆಡಲಿನ ಜಾಗವನ್ನು ಕಾರು ನಿಂತಿರುವಾಗ, ಕಾಲು ಹಗುರಾಗಿರುವಾಗ ಅಳೆದು ಪ್ರಯೋಜನವಿಲ್ಲ. ಅಳೆಯಬೇಕಾದದ್ದು ಬ್ರೇಕನ್ನು ಬಲವಾಗಿ ಒತ್ತಿ ಹಿಡಿದ ಗಳಿಗೆಯಲ್ಲಿ. ಆಗ ಬ್ರೇಕ್ ಪೆಡಲ್ ಎಲ್ಲಿಗೆ ಇಳಿದು ನಿಲ್ಲುತ್ತದೋ ಅದೇ ಆಧಾರ. ಉಳಿದೆರಡು ಪೆಡಲ್, ಸೀಟು, ಸ್ಟಿಯರಿಂಗ್ ಎಲ್ಲವನ್ನೂ ಅದಕ್ಕೆ ಹೊಂದಿಸಬೇಕೇ ಹೊರತು ಬ್ರೇಕನ್ನು ಬೇರೆಯವಕ್ಕೆ ಹೊಂದಿಸಬಾರದು.

ಇಕ್ಕಟ್ಟು ಹುಟ್ಟುವುದು ಹೇಗೆಂದು ತಿಳಿಯಲು ಲೋಟಸ್ ಸೆವೆನ್‌ಗಿಂತ ಒಳ್ಳೆಯ ಕಾರು ಇಲ್ಲ. ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಈ ಇಂಗ್ಲಿಷ್ ಕಾರಿನ ತಯಾರಿಕೆಯ ಹಕ್ಕು 1973ರಲ್ಲಿ ಕೇಟರ್‌ಹ್ಯಾಮ್ ಕಂಪನಿಗೆ ಬಂತು. ಇವತ್ತಿಗೂ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ತಯಾರಾಗುತ್ತಿದೆ. ಎಂಜಿನ್ ಮುಂಭಾಗದಲ್ಲಿ ಉದ್ದುದ್ದಕ್ಕೆ ಕೂತಿದೆ, ಅದರ ಬೆನ್ನಿಗೆ ಗೇರ್ ಬಾಕ್ಸ್. ಎರಡನ್ನೂ ಜೋಡಿಸುವ ಅಗಲವಾದ ಕವಚ ಚಾಲಕರ ಪಾದದ ಪಕ್ಕಕ್ಕೇ ಉಬ್ಬಿಕೊಂಡಿದೆ. ಹೊರಬದಿಯಲ್ಲಿ ಚಾಸಿಯ ಕೊಳವೆಗಳು ಮೂತಿಯ ಕಡೆಗೆ ಕಿರಿದಾಗುತ್ತ ಹೋಗುತ್ತವೆ. ಎರಡೂ ಕಡೆಯಿಂದ ಒತ್ತಿಬಂದ ಆ ಗೂಡಿನಲ್ಲಿ ಮೂರು ಪೆಡಲ್, ಎರಡು ಪಾದ, ಮೇಲೆ ಹಾದುಹೋಗುವ ಸ್ಟಿಯರಿಂಗ್ ಕಂಬ ಎಲ್ಲವೂ ಹಿಡಿಯಬೇಕು. ಸೆವೆನ್ ಓಡಿಸುವವರು ತೆಳು ಅಟ್ಟೆಯ, ಕಿರಿದಾದ ರೇಸಿಂಗ್ ಶೂ ಹಾಕಿಕೊಳ್ಳುವುದು ಶೋಕಿಗಲ್ಲ. ದಪ್ಪ ಅಂಚಿನ ಸಾಮಾನ್ಯ ಬೂಟು ಅಲ್ಲಿ ಒಂದೇ ಸಲಕ್ಕೆ ಎರಡು ಪೆಡಲನ್ನು ತುಳಿಯುತ್ತದೆ. ಮುಂದೆ ಕೇಟರ್‌ಹ್ಯಾಮ್ ಎಸ್‌ವಿ ಎಂಬ ಅಗಲದ ಚಾಸಿಯೊಂದನ್ನು ತಂದಿತು; ಹಳೆಯದಕ್ಕಿಂತ 110 ಮಿಲಿಮೀಟರ್ ಹೆಚ್ಚು ಅಗಲ. ಎತ್ತರದ, ದೊಡ್ಡ ಮೈಕಟ್ಟಿನ ಗಿರಾಕಿಗಳಿಗೆ ಹೇಳಿಮಾಡಿಸಿದಂಥದ್ದು. ಪೆಡಲನ್ನು ಎಷ್ಟೇ ತಿದ್ದಿದರೂ ಗೂಡೇ ಕಿರಿದಾದರೆ ಏನೂ ಮಾಡಲಾಗದು ಎಂಬುದನ್ನು ತಯಾರಕರೇ ಒಪ್ಪಿದ ಹಾಗಾಯಿತು.

ಎಂಜಿನ್ ಹಿಂದಿದ್ದರೆ ಈ ತೊಂದರೆ ತಪ್ಪುತ್ತದೆ ಎಂದುಕೊಳ್ಳುವಂತಿಲ್ಲ. ಆಗ ಅಡ್ಡಬರುವುದು ಮುಂದಿನ ಚಕ್ರ. ಚಾಲಕರನ್ನು ಮುಂದಕ್ಕೆ ಕೂರಿಸಿದಷ್ಟೂ ಪಾದಗಳು ಚಕ್ರದ ಕಮಾನಿನ ಪಕ್ಕಕ್ಕೆ ಬರುತ್ತವೆ, ಪೆಡಲ್‌ಗಳು ಕಾರಿನ ನಡುವಿನತ್ತ ಸರಿಯುತ್ತವೆ. ಹಳೆಯ ಪೋರ್ಷೆ 911ರಲ್ಲಿ ಕೂತವರು ಸೊಂಟದಿಂದ ಕೆಳಗೆ ಸ್ವಲ್ಪ ಓರೆಯಾಗಿಯೇ ಕೂರುವುದು ಇದರಿಂದ. ನಮ್ಮ ಹಾಗೆ ಎಡಬದಿಯಲ್ಲಿ ಓಡಿಸುವ ದೇಶಗಳಲ್ಲಿ ಚಕ್ರದ ಕಮಾನು ಆಕ್ಸಿಲರೇಟರಿನ ಮಗ್ಗುಲಿಗೆ ಬರುತ್ತದೆ. ಬಲಬದಿಯಲ್ಲಿ ಓಡಿಸುವ ದೇಶಗಳಲ್ಲಿ ಕ್ಲಚ್ಚಿನ ಮಗ್ಗುಲಿಗೆ. ಕಾರು ಒಂದೇ ಆದರೂ ಬಲಬದಿಯ ಸ್ಟಿಯರಿಂಗಿನದು ಬಲಗಾಲಿಗೆ ಕಿರಿಕಿರಿ ಮಾಡಿದರೆ, ಎಡಬದಿಯದು ಎಡಗಾಲಿನ ವಿಶ್ರಾಂತಿಯ ಜಾಗವನ್ನು ಕಸಿಯುತ್ತದೆ. ಹೊರದೇಶದ ಮಾಲೀಕರೊಬ್ಬರ ಸಲಹೆಯನ್ನು ಇಲ್ಲಿನ ಕಾರಿಗೆ ಹಾಗೆಹಾಗೇ ಅನ್ವಯಿಸಲು ಆಗದಿರುವುದಕ್ಕೆ ಇದೂ ಒಂದು ಕಾರಣ.

ಜಪಾನಿನ ಕೇ ಎಂಬ ಪುಟ್ಟ ಕಾರುಗಳ ವರ್ಗದಲ್ಲಿ ಇಕ್ಕಟ್ಟಿಗೆ ಕಾನೂನಿನ ಮುದ್ರೆಯೇ ಇತ್ತು. 1991ರಲ್ಲಿ ಬಂದ ಹೋಂಡಾ ಬೀಟ್, ಸುಜುಕಿ ಕಪುಚಿನೊ, ಮರುವರ್ಷದ ಆಟೊಜಾಮ್ ಎಜೆಡ್-1 ಈ ಮೂರೂ ಅಂದಿನ ನಿಯಮದ ಪ್ರಕಾರ 1.4 ಮೀಟರ್ ಅಗಲ, 3.3 ಮೀಟರ್ ಉದ್ದ, 660 ಸಿಸಿ ಎಂಜಿನ್ನಿನ ಮಿತಿಯೊಳಗೇ ಇರಬೇಕಾಗಿತ್ತು. ಬಾಗಿಲುಗಳ ದಪ್ಪ, ನಡುವಿನ ದಿಂಡು ಕಳೆದರೆ ಒಬ್ಬೊಬ್ಬರ ಕಾಲಿಗೆ ಉಳಿಯುವುದೆಷ್ಟು ಎಂದು ಲೆಕ್ಕ ಹಾಕಿಕೊಳ್ಳಬಹುದು.

ಹೀಗೆ ಪೆಡಲಿನ ಜಾಗ ಮೊದಲೇ ಒಂದು ರಾಜಿ. ಅದನ್ನು ತಿದ್ದಹೊರಟವರು ಯಾವುದಕ್ಕೆ ಪ್ರತಿಯಾಗಿ ಯಾವುದನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದನ್ನು ಅರಿತಿರಬೇಕು.

ತಯಾರಕರಲ್ಲಿ ಕೆಲವರು ಈ ಪ್ರಶ್ನೆಯನ್ನು ಬುಡಮೇಲು ಮಾಡಿ ನೋಡಿದರು. ಚಾಲಕರನ್ನು ಪೆಡಲಿನ ಹತ್ತಿರ ಒಯ್ಯುವ ಬದಲು ಪೆಡಲನ್ನೇ ಚಾಲಕರ ಹತ್ತಿರ ತಂದರೆ? ಜೆಮ್ ಮಾರ್ಶ್ ಮತ್ತು ಫ್ರ್ಯಾಂಕ್ ಕಾಸ್ಟಿನ್ 1959ರಲ್ಲಿ ಕಟ್ಟಿದ ಮಾರ್ಕೋಸ್ ಎಂಬ ಸಣ್ಣ ಬ್ರಿಟಿಷ್ ಕಂಪನಿ 1964ರಲ್ಲಿ ತಂದ ಜಿಟಿ ಕಾರಿನಲ್ಲಿ ಸೀಟು ಕದಲುವುದೇ ಇಲ್ಲ. ನೆಲದಿಂದ ಛಾವಣಿಗೆ ಸುಮಾರು 1.1 ಮೀಟರ್ ಎತ್ತರದ ಆ ಕಾರಿನಲ್ಲಿ ಚಾಲಕರು ಬಹುಮಟ್ಟಿಗೆ ಒರಗಿ ಮಲಗಿದ ಭಂಗಿಯಲ್ಲೇ ಕೂರಬೇಕು. ಮುಂದಿನ ಹಲಗೆಯಲ್ಲಿದ್ದ ಗುಂಡಿಯೊಂದನ್ನು ತಿರುಗಿಸಿದರೆ ಮೂರೂ ಪೆಡಲ್ ಒಟ್ಟಾಗಿ ಹಿಂದೆ ಮುಂದೆ ಸರಿಯುತ್ತವೆ. 1971ರ ಮಸರಾಟಿ ಬೋರಾ ಇದನ್ನೇ ಹೈಡ್ರಾಲಿಕ್ ಬಲದಿಂದ ಮಾಡಿತು. ಆಗ ಮಸರಾಟಿ ಸಿಟ್ರೊಯೆನ್ ಒಡೆತನದಲ್ಲಿತ್ತು. ಸಿಟ್ರೊಯೆನ್ನಿನ ಅತಿ ಒತ್ತಡದ ದ್ರವದ ಜಾಲ ಬ್ರೇಕಿಗೂ ಹೆಡ್‌ಲೈಟಿಗೂ ಪೆಡಲ್ ಪೆಟ್ಟಿಗೆಗೂ ಒಂದೇ ಆಗಿತ್ತು. ನಮ್ಮ ಕಾಲದಲ್ಲಿ ಆಸ್ಟ್ರಿಯಾದಲ್ಲಿ ತಯಾರಾಗುವ ಕೆಟಿಎಂ ಎಕ್ಸ್-ಬೋ, ಫೆರಾರಿಯ ಲಾಫೆರಾರಿ, ಫೋರ್ಡ್ ಜಿಟಿಯ ಎರಡನೇ ಪೀಳಿಗೆ ಎಲ್ಲವೂ ಇದೇ ಹಾದಿ ಹಿಡಿದಿವೆ. ಫೋರ್ಡ್ ಜಿಟಿಯಲ್ಲಿ ಪಟ್ಟಿಯೊಂದನ್ನು ಎಳೆದರೆ ಪೆಡಲ್ ಪೆಟ್ಟಿಗೆಯ ಕೊಂಡಿ ಬಿಚ್ಚಿಕೊಳ್ಳುತ್ತದೆ, ಬೇಕಾದಲ್ಲಿಗೆ ತಂದು ಬಿಟ್ಟರೆ ಅಲ್ಲೇ ಕಚ್ಚಿಕೊಳ್ಳುತ್ತದೆ.

ಇದರ ಗುಣ ಏನೆಂದರೆ ಚಾಲಕರ ಸೊಂಟ ಯಾವತ್ತೂ ಒಂದೇ ಕಡೆ ಇರುತ್ತದೆ. ಕಣ್ಣಿನ ಮಟ್ಟ, ತಲೆ ಮತ್ತು ಛಾವಣಿಯ ನಡುವಿನ ಅಂತರ, ಕಾರಿನ ಭಾರದ ಹಂಚಿಕೆ ಯಾವುದೂ ಬದಲಾಗದು. ಸೀಟಿನ ಹಳಿಗಳ ತೂಕವೂ ಎತ್ತರವೂ ಉಳಿತಾಯ. ಎಲ್ಲಕ್ಕಿಂತ ಮುಖ್ಯವಾದದ್ದು, ಇಡೀ ಪೆಟ್ಟಿಗೆ ಒಟ್ಟಾಗಿ ಸರಿಯುವುದರಿಂದ ಬ್ರೇಕಿಗೂ ಆಕ್ಸಿಲರೇಟರಿಗೂ ಇರುವ ಸಂಬಂಧ ಕೆಡುವುದಿಲ್ಲ. ನನ್ನ ಮಟ್ಟಿಗೆ ಸರಿಯಾದ ಉತ್ತರ ಇದೇ. ಆದರೆ ಪೆಡಲ್ ಜೊತೆಗೆ ಬ್ರೇಕಿನ ದ್ರವವನ್ನು ಒತ್ತುವ ಮಾಸ್ಟರ್ ಸಿಲಿಂಡರ್ ಕೂಡ ಸರಿಯಬೇಕು, ಇಲ್ಲವೇ ಬಗ್ಗುವ ಕೊಳವೆಯೋ ಜಾರುವ ಜೋಡಣೆಯೋ ಬೇಕು. ಒದೆಯುವಷ್ಟು ಬಲ ಬಿದ್ದರೂ ಹಳಿ ಅಲುಗಬಾರದು. ಅಗ್ಗದ ಕಾರಿಗೆ ಇದು ಎಟುಕುವುದಿಲ್ಲ. ಮಾಜ್ದಾ ಎಂಎಕ್ಸ್-5, ಎಂಜಿ ಮಿಜೆಟ್, ಲೋಟಸ್ ಎಲೀಸ್ ಇಂಥವುಗಳ ಒಡೆಯರು ಸೀಟು ಸರಿಸಿಕೊಂಡು, ಉಳಿದದ್ದನ್ನು ಪೆಡಲಿನ ಬಳಿಯೇ ತಿದ್ದಿಕೊಳ್ಳಬೇಕು.

ತಿದ್ದುವ ಮುನ್ನ ಕೂರುವುದನ್ನು ಕಲಿಯಬೇಕು. ಕ್ಲಚ್ಚನ್ನು ತಳದವರೆಗೆ ಒತ್ತಿ ಹಿಡಿದಾಗ ಎಡಮಂಡಿ ಇನ್ನೂ ತುಸು ಬಾಗಿರಬೇಕು, ಬೆನ್ನಿನ ಕೆಳಭಾಗ ಸೀಟಿನಿಂದ ಕದಲಬಾರದು. ಮಂಡಿ ನೇರವಾಗಿ ಚಾಚಿಕೊಂಡರೆ ಗಾಬರಿಯ ಗಳಿಗೆಯಲ್ಲಿ ಬ್ರೇಕಿಗೆ ಬೇಕಾದ ಬಲ ಹುಟ್ಟುವುದಿಲ್ಲ. ಡಿಕ್ಕಿಯಾದರೆ ಏಟು ನೇರ ಸೊಂಟದ ಕೀಲಿಗೆ ಹೋಗುತ್ತದೆ. ಸೀಟನ್ನು ಹೀಗೆ ಪೆಡಲಿಗೆ ಹೊಂದಿಸಿದ ಮೇಲೆ ಭುಜ ಸೀಟಿಗೆ ಆನಿಸಿಕೊಂಡೇ ಮಣಿಕಟ್ಟು ಸ್ಟಿಯರಿಂಗಿನ ಮೇಲಂಚಿಗೆ ತಾಕುತ್ತದೆಯೇ ನೋಡಬೇಕು. ಪುಟ್ಟ ಕಾರುಗಳಲ್ಲಿ ಸಿಕ್ಕು ಬೀಳುವುದು ಇಲ್ಲೇ. ಕಾಲು ಉದ್ದವಿರುವವರು ಸೀಟನ್ನು ಹಿಂದಕ್ಕೆ ತಳ್ಳಿದರೆ ಕೈ ಸ್ಟಿಯರಿಂಗಿನಿಂದ ದೂರವಾಗುತ್ತದೆ. ಎಂಎಕ್ಸ್-5 ಮೊದಲ ಸಲ ಶಿಕಾಗೊ ಪ್ರದರ್ಶನದಲ್ಲಿ ಕಂಡದ್ದು 1989ರಲ್ಲಿ. ಸ್ಟಿಯರಿಂಗನ್ನು ಚಾಲಕರ ಕಡೆಗೆ ಎಳೆದುಕೊಳ್ಳುವ ಸೌಕರ್ಯ ಅದಕ್ಕೆ ಬಂದದ್ದು 2019ರ ಮಾದರಿಯಲ್ಲಿ. ಮೂವತ್ತು ವರ್ಷ ಅದರ ಒಡೆಯರು ಪೆಡಲಿನ ದೂರು ಎಂದು ಹೇಳಿಕೊಂಡದ್ದರಲ್ಲಿ ಒಂದು ಪಾಲು ನಿಜಕ್ಕೂ ಸ್ಟಿಯರಿಂಗಿನ ದೂರಾಗಿತ್ತು ಎಂದು ನನ್ನ ಎಣಿಕೆ.

ಆಮೇಲೆ ಹಿಮ್ಮಡಿ. ಬ್ರೇಕ್ ತುಳಿಯುವುದು ಹೆಬ್ಬೆರಳಿನ ಬುಡದ ದಪ್ಪ ಭಾಗದಿಂದ, ಬೆರಳ ತುದಿಯಿಂದಲ್ಲ. ಪಾದ ಚಿಕ್ಕದಾಗಿದ್ದು ಪೆಡಲ್ ಎತ್ತರದಲ್ಲಿದ್ದರೆ ಹಿಮ್ಮಡಿ ನೆಲ ಬಿಟ್ಟು ಮೇಲೇಳುತ್ತದೆ. ಆಗ ಇಡೀ ಕಾಲಿನ ಭಾರ ತೊಡೆಯ ಮೇಲೆ, ಒತ್ತುವ ಬಲದ ಮೇಲೆ ಹಿಡಿತವೇ ಇರದು. ಇಂಥವರು ಪೆಡಲ್ ಮುಟ್ಟುವ ಅಗತ್ಯವೇ ಇಲ್ಲ. ಹಿಮ್ಮಡಿಯ ಕೆಳಗೆ ಒಂದು ಅಲ್ಯೂಮಿನಿಯಂ ತಟ್ಟೆಯನ್ನು ಬೇಕಾದ ಎತ್ತರಕ್ಕೆ ಬೋಲ್ಟ್ ಹಾಕಿ ಕೂರಿಸಿದರೆ ಸಾಕು. ತಟ್ಟೆಗೆ ಜಾರದ ಮೇಲ್ಮೈ ಇರಬೇಕು, ಅದು ಯಾವ ಪೆಡಲಿನ ಓಟಕ್ಕೂ ಅಡ್ಡಬರಬಾರದು, ಕಾರ್ಪೆಟ್ಟಿನ ಮೇಲೆ ಸುಮ್ಮನೆ ಇಟ್ಟಿರಬಾರದು. ಅಗ್ಗದ್ದು, ಬೇಡವೆಂದಾಗ ತೆಗೆಯಬಹುದಾದದ್ದು, ಬ್ರೇಕಿನ ಒಂದು ನಟ್ಟನ್ನೂ ಕದಲಿಸದ್ದು. ಹಾಗಿದ್ದೂ ಬಹಳ ಮಂದಿ ಇದನ್ನು ಕೊನೆಗೆ ಯೋಚಿಸುತ್ತಾರೆ.

ನೆಲದ ಹೊದಿಕೆಯ ಮಾತು ಬಂದಾಗ ಒಂದು ಇತಿಹಾಸ ನೆನೆಯಬೇಕು. ಅಮೆರಿಕದಲ್ಲಿ 1980ರ ದಶಕದಲ್ಲಿ ಆಡಿ 5000 ಕಾರು ತಾನಾಗಿ ಮುನ್ನುಗ್ಗುತ್ತದೆ ಎಂಬ ದೂರುಗಳು ಬಂದವು. 1986ರಲ್ಲಿ ಟಿವಿಯಲ್ಲಿ ದೊಡ್ಡ ಸುದ್ದಿಯಾಯಿತು. ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ 1989ರಲ್ಲಿ ಕೊಟ್ಟ ವರದಿಯ ಸಾರ ಚಾಲಕರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರನ್ನು ಒತ್ತಿದ್ದರು ಎಂಬುದು. ಪೆಡಲ್‌ಗಳ ಜಾಗ ಮತ್ತು ಅವು ಕಾಲಿಗೆ ಕೊಡುವ ಅನುಭವ ಆ ತಪ್ಪಿಗೆ ಎಡೆಮಾಡಿರಬಹುದು ಎಂದೂ ಅದು ಗುರುತಿಸಿತು. 2009ರಲ್ಲಿ ಟೊಯೊಟಾ ಲಕ್ಷಾಂತರ ಕಾರುಗಳನ್ನು ವಾಪಸು ಕರೆಸಿದ್ದು ಆಕ್ಸಿಲರೇಟರ್ ನೆಲಹಾಸಿಗೆ ಸಿಕ್ಕಿಕೊಳ್ಳುವ ಅಪಾಯದಿಂದ. ಪೆಡಲಿಗೆ ಹೆಚ್ಚುವರಿ ತಟ್ಟೆ ಹಾಕಿದವರು ಅದರ ಕೆಳಂಚಿಗೂ ನೆಲಹಾಸಿಗೂ ಎಷ್ಟು ಅಂತರ ಉಳಿಯಿತು ಎಂಬುದನ್ನು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದೇ ನೋಡಬೇಕು.

ಇನ್ನು ಈ ಪ್ರಶ್ನೆಯ ತಿರುಳಿಗೆ ಬರೋಣ. ಸ್ಪೋರ್ಟ್ಸ್ ಕಾರು ಓಡಿಸುವವರು ಪೆಡಲಿನ ಜಾಗಕ್ಕೆ ಅಷ್ಟೊಂದು ತಲೆ ಕೆಡಿಸಿಕೊಳ್ಳುವುದು ಹೀಲ್ ಆಂಡ್ ಟೋ ಎಂಬ ಕಾಲಿನ ಕೈಚಳಕಕ್ಕಾಗಿ. ತಿರುವಿಗೆ ಮುನ್ನ ಬ್ರೇಕ್ ಒತ್ತುತ್ತಲೇ ಗೇರ್ ಇಳಿಸಬೇಕು. ಕೆಳಗಿನ ಗೇರಿನಲ್ಲಿ ಎಂಜಿನ್ ಹೆಚ್ಚು ವೇಗವಾಗಿ ತಿರುಗಬೇಕು. ಆ ವೇಗಕ್ಕೆ ಮೊದಲೇ ಏರಿಸದೆ ಕ್ಲಚ್ ಬಿಟ್ಟರೆ ಹಿಂದಿನ ಚಕ್ರಗಳಿಗೆ ಜೋರಾದ ಜಗ್ಗು ಬೀಳುತ್ತದೆ. ಹಗುರ ಕಾರು ತಿರುವಿನ ಬಾಯಲ್ಲೇ ಹಿಂಬದಿ ಜಾರಿಸಬಹುದು. ಹಾಗಾಗಿ ಬಲಪಾದದ ಒಳಭಾಗ ಬ್ರೇಕಿನ ಮೇಲೆ ಒಂದೇ ಬಲದಲ್ಲಿ ಕೂತಿರುವಾಗಲೇ ಹೊರ ಅಂಚನ್ನು ಹೊರಳಿಸಿ, ಇಲ್ಲವೇ ಹಿಮ್ಮಡಿ ತಿರುಗಿಸಿ, ಆಕ್ಸಿಲರೇಟರಿಗೆ ಒಂದು ತಟ್ಟು ಕೊಡಬೇಕು. ಈಗಿನ ಚಾಲಕರಲ್ಲಿ ಹೆಚ್ಚಿನವರು ಹೊರಳಿಸುವವರು. ಹಿಮ್ಮಡಿ ತಿರುಗಿಸುವುದು ಪೆಡಲ್‌ಗಳು ದೂರದೂರವಿದ್ದ ಹಳೆಯ ಕಾರುಗಳ ಕಾಲದ ರೂಢಿ.

ಎಡವುವುದು ಎಲ್ಲಿ ಎಂದು ನೋಡಿ. ಗ್ಯಾರೇಜಿನಲ್ಲಿ ನಿಂತ ಕಾರಿನಲ್ಲಿ ಬ್ರೇಕ್ ಪೆಡಲ್ ಆಕ್ಸಿಲರೇಟರಿಗಿಂತ ಎರಡು ಬೆರಳಗಲ ಮೇಲಿದೆ. ಇದು ಎತ್ತರವಾಯಿತು ಎಂದುಕೊಂಡು ಆಕ್ಸಿಲರೇಟರಿಗೆ ದಪ್ಪ ತಟ್ಟೆ ಹಾಕಿ ಎರಡನ್ನೂ ಸಮ ಮಾಡುತ್ತಾರೆ. ನೋಟಕ್ಕೆ ಚೆನ್ನ. ರಸ್ತೆಯಲ್ಲಿ ಬಲವಾಗಿ ಬ್ರೇಕ್ ಹಾಕಿದಾಗ ಬ್ರೇಕ್ ಪೆಡಲ್ ಆ ಎರಡು ಬೆರಳು ಕೆಳಗಿಳಿಯುತ್ತದೆ, ಆಕ್ಸಿಲರೇಟರ್ ಅಲ್ಲೇ ಉಳಿಯುತ್ತದೆ, ಅದೇ ಶೂ ಎರಡನ್ನೂ ಒಟ್ಟಿಗೆ ಒತ್ತುತ್ತದೆ. ಕಾರು ನಿಲ್ಲಬೇಕಾದಾಗ ಎಂಜಿನ್ ಎಳೆಯುತ್ತದೆ. ಸರಿಯಾದ ಅಳತೆ ಇದಕ್ಕೆ ಉಲ್ಟಾ: ಬ್ರೇಕನ್ನು ನಿಜವಾಗಿ ಒತ್ತುವಷ್ಟೇ ಬಲದಿಂದ ಒತ್ತಿ ಹಿಡಿದಾಗ ಅದರ ಮುಖ ಆಕ್ಸಿಲರೇಟರಿನ ಮುಖಕ್ಕೆ ಸಮನಾಗಿರಬೇಕು, ಇಲ್ಲವೇ ತುಸು ಮೇಲಿರಬೇಕು. ಕೆಳಗೆ ಹೋಗಲೇಕೂಡದು.

ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಇರುವ ಕಾರಾದರೆ ಈ ಅಳತೆಯನ್ನು ಎಂಜಿನ್ ಚಾಲೂ ಇಟ್ಟೇ ಮಾಡಬೇಕು. ಬ್ರೇಕ್ ಪ್ಯಾಡ್ ಬದಲಿಸಿದರೂ, ರಬ್ಬರ್ ಹೋಸಿನ ಜಾಗಕ್ಕೆ ಉಕ್ಕಿನ ಹೆಣಿಗೆಯ ಹೋಸ್ ಹಾಕಿದರೂ, ದ್ರವದಲ್ಲಿ ಗಾಳಿ ಸೇರಿದರೂ ಪೆಡಲ್ ಇಳಿಯುವ ಆಳ ಬದಲಾಗುತ್ತದೆ. ಉದ್ದನೆಯ ಘಟ್ಟ ಇಳಿಯುವಾಗ ಬ್ರೇಕ್ ಬಿಸಿಯೇರಿ ಪೆಡಲ್ ಇನ್ನಷ್ಟು ಆಳಕ್ಕೆ ಹೋಗಬಹುದು. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ತಿರುವಿನ ಮೇಲೆ ತಿರುವು ಬರುವಾಗ ಎರಡು ಪೆಡಲ್ ನಡುವಿನ ಈ ಅಂತರಕ್ಕೆ ಸ್ವಲ್ಪ ಸಲುಗೆ ಉಳಿಸಿರಬೇಕು. ಅದಕ್ಕೇ ಬ್ರೇಕಿನ ರಿಪೇರಿಯೆಲ್ಲ ಮುಗಿದ ಮೇಲೆ ಆಕ್ಸಿಲರೇಟರಿನ ಎತ್ತರಕ್ಕೆ ಕೈ ಹಾಕಬೇಕು, ಮೊದಲಲ್ಲ.

ಬ್ರೇಕನ್ನೇ ಎತ್ತರಿಸೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಪೆಡಲಿನ ಹಿಂದೆ ಮಾಸ್ಟರ್ ಸಿಲಿಂಡರಿನತ್ತ ಹೋಗುವ ಪುಶ್ ರಾಡ್ ಇದೆ, ಅದಕ್ಕೆ ಮರೆಯೂ ಲಾಕ್ ನಟ್ಟೂ ಇವೆ, ನಾಲ್ಕು ಸುತ್ತು ತಿರುಗಿಸಿ ಉದ್ದ ಮಾಡಿದರೆ ಪೆಡಲ್ ಮೇಲೇಳುತ್ತದೆ. ಹತ್ತು ನಿಮಿಷದ ಕೆಲಸ. ಅಪಾಯ ಎಲ್ಲಿದೆ ಎಂಬುದು ಸಿಲಿಂಡರಿನ ಒಳಗನ್ನು ಕಂಡವರಿಗೆ ಗೊತ್ತು. ಕಾಲು ತೆಗೆದಾಗ ಒಳಗಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದು ನಿಲ್ಲಬೇಕು. ಆಗಷ್ಟೇ ಅದರ ಸೀಲಿನ ಮುಂದಿರುವ ಸೂಜಿಮೊನೆಯಷ್ಟು ಚಿಕ್ಕ ರಂಧ್ರವೊಂದು ತೆರೆದುಕೊಳ್ಳುತ್ತದೆ. ಬಿಸಿಯಾಗಿ ಹಿಗ್ಗಿದ ದ್ರವ ಆ ರಂಧ್ರದ ಮೂಲಕ ಮೇಲಿನ ಡಬ್ಬಿಗೆ ಮರಳುತ್ತದೆ. ಪುಶ್ ರಾಡ್ ಉದ್ದವಾಗಿ ಪಿಸ್ಟನ್ ಕೂದಲೆಳೆಯಷ್ಟು ಮುಂದೆಯೇ ಉಳಿದರೂ ಸೀಲು ರಂಧ್ರವನ್ನು ಮುಚ್ಚಿಬಿಡುತ್ತದೆ. ಮೊದಲ ಐದು ಕಿಲೊಮೀಟರ್ ಏನೂ ಗೊತ್ತಾಗದು. ನಾಲ್ಕು ಸಲ ಬ್ರೇಕ್ ಹಾಕಿ ದ್ರವ ಬಿಸಿಯಾದಾಗ ಅದಕ್ಕೆ ಹಿಗ್ಗಲು ದಾರಿಯಿಲ್ಲ, ಒತ್ತಡ ಚಕ್ರದ ಪ್ಯಾಡುಗಳ ಮೇಲೆ ನಿಲ್ಲುತ್ತದೆ, ಕಾಲು ತೆಗೆದರೂ ಬ್ರೇಕ್ ಬಿಡುವುದಿಲ್ಲ. ಉಜ್ಜುವಿಕೆ ಇನ್ನಷ್ಟು ಬಿಸಿ ಮಾಡುತ್ತದೆ, ಬಿಸಿ ಇನ್ನಷ್ಟು ಒತ್ತಡ ತರುತ್ತದೆ. ಕೊನೆಗೆ ಚಕ್ರ ಬಿಗಿದು ನಿಲ್ಲಬಹುದು.

ಆ ರಂಧ್ರ ತೆರೆದೇ ಇದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ: ಪೆಡಲನ್ನು ಕಾಲಿನಿಂದಲ್ಲ, ತೋರುಬೆರಳಿನಿಂದ ಮೆಲ್ಲಗೆ ಒತ್ತಿದರೆ ಯಾವ ಬಿಗಿಯೂ ತಾಕದೆ ತುಸು ದೂರ ಸಲೀಸಾಗಿ ಹೋಗಿ, ಆಮೇಲೆ ಮೊದಲ ತಡೆ ಸಿಗಬೇಕು. ಅದೇ ಫ್ರೀ ಪ್ಲೇ. ಎಷ್ಟು ಮಿಲಿಮೀಟರ್ ಎಂಬುದು ಆಯಾ ಕಾರಿನ ವರ್ಕ್‌ಶಾಪ್ ಪುಸ್ತಕದಲ್ಲಿರುತ್ತದೆ. ಪೆಡಲಿನ ಎತ್ತರ ಏನೇ ಮಾಡಿ, ಆ ಅಂತರ ಉಳಿಯದಿದ್ದರೆ ಕಾರು ಗ್ಯಾರೇಜಿನಿಂದ ಹೊರಬರಬಾರದು.

ತೋಳಿನ ಲೆಕ್ಕವೂ ಇದೆ. ಪೆಡಲಿನ ಕೀಲಿನಿಂದ ಪಾದದ ತಟ್ಟೆಗೆ 300 ಮಿಲಿಮೀಟರ್, ಅದೇ ಕೀಲಿನಿಂದ ಪುಶ್ ರಾಡ್ ಹಿಡಿದ ಪಿನ್ನಿಗೆ 60 ಮಿಲಿಮೀಟರ್ ಇದ್ದರೆ ಅನುಪಾತ 5. ಕಾಲಿನಿಂದ 20 ಕಿಲೊ ಒತ್ತಿದರೆ ಸಿಲಿಂಡರಿಗೆ 100 ಕಿಲೊ ಸಿಗುತ್ತದೆ. ಪಿಸ್ಟನ್ 15 ಮಿಲಿಮೀಟರ್ ಚಲಿಸಬೇಕಾದರೆ ಪೆಡಲ್ 75 ಚಲಿಸಬೇಕು. ಕುಳ್ಳಗಿರುವವರಿಗೆ ಎಟುಕಲಿ ಎಂದು ತಟ್ಟೆಯನ್ನು 30 ಮಿಲಿಮೀಟರ್ ಕೆಳಗೆ ಇಳಿಸಿದರೆ ಅನುಪಾತ 5.5 ಆಗುತ್ತದೆ. ಬ್ರೇಕ್ ಹಗುರಾಯಿತು ಅನಿಸುತ್ತದೆ, ಆದರೆ ಪೆಡಲಿನ ಓಟ 82.5ಕ್ಕೆ ಬೆಳೆಯುತ್ತದೆ. ಬ್ರೇಕ್ ದ್ರವದ ಎರಡು ಸರ್ಕ್ಯೂಟ್‌ಗಳಲ್ಲಿ ಒಂದು ಕೈಕೊಟ್ಟಾಗ ಉಳಿದ ಅರ್ಧಕ್ಕೆ ಬೇಕಾದ ಹೆಚ್ಚಿನ ಓಟ ಆಗ ನೆಲಕ್ಕೆ ತಾಗಿ ಮುಗಿದುಹೋಗಬಹುದು. ತಟ್ಟೆಯನ್ನು ಕೆಳಗಿಳಿಸದೆ, ಇದ್ದಲ್ಲೇ ಚಾಲಕರ ಕಡೆಗೆ ದಪ್ಪ ಮಾಡಿದರೆ ಅನುಪಾತ ಹೆಚ್ಚೇನೂ ಬದಲಾಗುವುದಿಲ್ಲ. ಹೊರನೋಟಕ್ಕೆ ಒಂದೇ ಥರ ಕಾಣುವ ಎರಡು ತಿದ್ದುಪಡಿಗಳ ನಡುವೆ ಇಷ್ಟು ವ್ಯತ್ಯಾಸ. ಬೂಸ್ಟರ್ ಇಲ್ಲದ ಹಗುರ ಕಾರುಗಳಲ್ಲಿ ಸಾಮಾನ್ಯವಾಗಿ 6ರ ಆಸುಪಾಸಿನ ಅನುಪಾತ, ಬೂಸ್ಟರ್ ಇದ್ದರೆ 4ರ ಆಸುಪಾಸು ಇಡುತ್ತಾರೆ. ತೋಳನ್ನು ಕಾಯಿಸಿ ಬಗ್ಗಿಸುವುದು, ಬೆಸುಗೆ ಹಾಕಿ ತಟ್ಟೆ ಕೂರಿಸುವುದು ಬ್ರೇಕಿನ ಮಟ್ಟಿಗೆ ಬೇಡವೇ ಬೇಡ. ಎಲೀಸಿನಲ್ಲಿರುವಂಥ ಅಚ್ಚಿನ ಮೂಲಕ ಒತ್ತಿ ತೆಗೆದ ಅಲ್ಯೂಮಿನಿಯಂ ಪೆಡಲಿಗಂತೂ ಬೆಂಕಿ ಸೋಕಿದರೆ ಲೋಹದ ಗಟ್ಟಿತನವೇ ಇಳಿದುಹೋಗುತ್ತದೆ.

ಆಕ್ಸಿಲರೇಟರಿನಲ್ಲಿ ಇಷ್ಟು ಭಯವಿಲ್ಲ. ತಿದ್ದುವ ಸ್ವಾತಂತ್ರ್ಯ ಇರುವುದೇ ಅಲ್ಲಿ. ಕೇಬಲ್ ಇರುವ ಹಳೆಯ ಎಂಎಕ್ಸ್-5, ಸೆವೆನ್, ಮಿಜೆಟ್‌ಗಳಲ್ಲಿ ತಟ್ಟೆಯನ್ನು ಬ್ರೇಕಿನ ಕಡೆಗೆ ಅಗಲಿಸಬಹುದು, ಎತ್ತರ ಹೊಂದಿಸಬಹುದು. ಮೂರು ಸಂಗತಿ ಮಾತ್ರ ಮರೆಯಬಾರದು. ಪೆಡಲ್ ತಳ ಮುಟ್ಟುವಾಗ ಎಂಜಿನ್ನಿನ ಥ್ರಾಟಲ್ ಪೂರ್ತಿ ತೆರೆದಿರಬೇಕು; ಕಾಲಿನ ಬಲ ಕೇಬಲನ್ನು ಜಗ್ಗದಂತೆ ಪೆಡಲಿಗೆ ತನ್ನದೇ ತಡೆ ಇರಬೇಕು, ಇಲ್ಲವಾದರೆ ಕೇಬಲಿನ ತುದಿಯ ಗುಂಡು ಕಿತ್ತುಬರುತ್ತದೆ; ಕಾಲು ತೆಗೆದಾಗ ಎಲ್ಲಿಯೂ ತೊಡರದೆ ಸ್ಪ್ರಿಂಗಿನ ಬಲಕ್ಕೇ ಹಿಂದೆ ಬರಬೇಕು. ಎಲೆಕ್ಟ್ರಾನಿಕ್ ಪೆಡಲ್ ಇರುವ ಹೊಸ ಕಾರುಗಳಲ್ಲಿ ಒಳಗೆ ಎರಡು ಸೆನ್ಸರ್ ಇದ್ದು ಒಂದನ್ನೊಂದು ಪರೀಕ್ಷಿಸುತ್ತವೆ. ಅಲ್ಲಿ ತೋಳನ್ನು ಮುಟ್ಟದೆ ಇಡೀ ಘಟಕದ ಬೋಲ್ಟಿನ ಕೆಳಗೆ ಬಿಲ್ಲೆಗಳನ್ನು ಕೊಟ್ಟು ಜಾಗ ಹೊಂದಿಸುವುದೇ ಮೇಲು.

ಮಾಜ್ದಾ ತನ್ನ ನಾಲ್ಕನೇ ಪೀಳಿಗೆಯ ಎಂಎಕ್ಸ್-5ರಲ್ಲಿ ಆಕ್ಸಿಲರೇಟರನ್ನು ನೆಲಕ್ಕೆ ಕೀಲು ಕೊಟ್ಟು ನಿಲ್ಲಿಸಿದೆ. ಹೊಲಿಗೆ ಯಂತ್ರದ ಕಾಲುಹಲಗೆಯ ಹಾಗೆ ಅದು ಇಡೀ ಅಂಗಾಲಿಗೆ ಆನಿಕೊಳ್ಳುತ್ತದೆ. ಪೆಡಲೂ ಪಾದವೂ ಹೆಚ್ಚುಕಡಿಮೆ ಒಂದೇ ಕೇಂದ್ರದ ಸುತ್ತ ತಿರುಗುವುದರಿಂದ ಶೂ ಜಾರುವುದಿಲ್ಲ. 911ರಲ್ಲಿ 1990ರ ದಶಕದ ಕೊನೆಯವರೆಗೂ ಮೂರೂ ಪೆಡಲ್ ನೆಲದಿಂದಲೇ ಎದ್ದಿದ್ದವು. ಮೇಲಿನಿಂದ ತೂಗುವ ಪೆಡಲಿನ ಎತ್ತರ ತಿದ್ದುವ ವಿಧಾನ ನೆಲದ ಪೆಡಲಿಗೆ ಒಗ್ಗುವುದಿಲ್ಲ. ಅಲ್ಲಿ ಹಿಮ್ಮಡಿ ಎಲ್ಲಿ ಊರುತ್ತದೆ ಎಂಬುದೇ ಮುಕ್ಕಾಲು ಪಾಲು ತೀರ್ಮಾನ.

ಕ್ಲಚ್ಚಿನ ಬಗ್ಗೆ ಬರೆಯುವವರು ಕಡಿಮೆ, ಸುಸ್ತಾಗುವವರು ಹೆಚ್ಚು. ಅದರ ಓಟವನ್ನು ಅಗತ್ಯಕ್ಕಿಂತ ಹೆಚ್ಚು ಬಿಟ್ಟರೆ ಒಳಗಿನ ಸ್ಪ್ರಿಂಗ್ ತಟ್ಟೆ ಮಿತಿಮೀರಿ ಬಾಗುತ್ತದೆ. ಫ್ರೀ ಪ್ಲೇ ತೀರ ಕಡಿಮೆಯಾದರೆ ರಿಲೀಸ್ ಬೇರಿಂಗ್ ಸದಾ ಉಜ್ಜಿ ಸವೆಯುತ್ತದೆ, ಕ್ಲಚ್ ಜಾರತೊಡಗುತ್ತದೆ. ಕ್ಲಚ್ ಸಲೀಸಾಗಿ ಬಿಡುವ ಬಿಂದುವನ್ನು ದಾಟಿ ಸ್ವಲ್ಪವೇ ಮುಂದೆ ಪೆಡಲಿಗೆ ಒಂದು ತಡೆ ಕೂರಿಸಿದರೆ ಕಾಲು ಚಿಕ್ಕದಿರುವವರಿಗೆ ದೊಡ್ಡ ಉಪಕಾರ. ಸೀಟನ್ನು ಮುಂದೆ ತಂದುಕೊಂಡು ಮುದುಡಿ ಕೂರುವುದು ತಪ್ಪುತ್ತದೆ. ಎಡಪಾದಕ್ಕೆ ವಿಶ್ರಾಂತಿ ಹಲಗೆ ಇರಲೇಬೇಕು. ತಿರುವಿನಲ್ಲಿ ಮೈಯನ್ನು ಹಿಡಿದು ನಿಲ್ಲಿಸುವುದು ಆ ಕಾಲು. ಸೆವೆನ್ನಿನಂಥ ಕಿರಿದಾದ ಗೂಡಿನಲ್ಲಿ ಅದಕ್ಕೆ ಜಾಗವಿಲ್ಲದೆ ಪಾದವನ್ನು ಕ್ಲಚ್ಚಿನ ಕೆಳಗೆ ತೂರಿಸಿಕೊಳ್ಳುವವರಿದ್ದಾರೆ. ತುರ್ತಿನಲ್ಲಿ ಅದು ಅಲ್ಲಿಂದ ಹೊರಬರಲು ತಡವಾಗುತ್ತದೆ. ಅದರ ಬದಲು ಮೊಣಕಾಲನ್ನು ದಿಂಡಿಗೆ ಆನಿಸಿ ಹಿಮ್ಮಡಿಯನ್ನು ಪೆಡಲಿನ ಮುಂದೆ ಊರುವುದೇ ವಾಸಿ.

ಮೈಕಟ್ಟು ಚಿಕ್ಕದಿರುವವರ, ಅದರಲ್ಲೂ ಹೆಂಗಸರ ಕಷ್ಟವನ್ನು ಈ ಕಾರುಗಳ ಲೋಕ ಬಹಳ ಕಾಲ ಕಡೆಗಣಿಸಿತು. ಪೆಡಲ್ ಎಟುಕಲೆಂದು ಅವರು ಸ್ಟಿಯರಿಂಗಿಗೆ ಅಂಟಿ ಕೂರಬೇಕಾಗುತ್ತದೆ. ಏರ್ ಬ್ಯಾಗ್ ಬಂದ ಮೇಲೆ ಇದು ಪ್ರಾಣದ ಪ್ರಶ್ನೆ. ಎದೆಯ ಮೂಳೆಗೂ ಏರ್ ಬ್ಯಾಗಿನ ಮುಚ್ಚಳಕ್ಕೂ ಕನಿಷ್ಠ 25 ಸೆಂಟಿಮೀಟರ್ ಇರಲಿ ಎಂಬುದು ಅಮೆರಿಕದ ಸುರಕ್ಷತಾ ಸಂಸ್ಥೆಯ ಸಲಹೆ. ಆ ಅಂತರ ಸಿಗದವರಿಗೆ ಪೆಡಲನ್ನು ಹತ್ತಿರ ತರುವುದು ಹವ್ಯಾಸವಲ್ಲ, ಅವಶ್ಯಕತೆ. ಬೋಲ್ಟಿನಿಂದ ಬಿಗಿಯುವ, ಪರೀಕ್ಷೆಗೊಳಗಾದ ಪೆಡಲ್ ವಿಸ್ತರಣೆಗಳು ಇದಕ್ಕೆಂದೇ ಇವೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ನಿರ್ದಿಷ್ಟತೆಗಳಿಂದ ವಾಹನವನ್ನು ಬದಲಿಸುವುದಕ್ಕೆ ಕಡಿವಾಣ ಹಾಕಿದೆ, ಅಂಗವಿಕಲರಿಗಾಗಿ ಮಾರ್ಪಡಿಸಲು ಅವಕಾಶ ಕೊಟ್ಟಿದೆ. ಬೆಸುಗೆಯ ಕೆಲಸಕ್ಕೆ ಇಳಿಯುವವರು ಸಾರಿಗೆ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಮೊದಲೇ ವಿಚಾರಿಸಿಕೊಳ್ಳಬೇಕು.

ಮೈಕಟ್ಟಿನ ವೈವಿಧ್ಯವನ್ನು ಮೊದಲ ಗೆರೆಯಲ್ಲೇ ಲೆಕ್ಕಕ್ಕೆ ಹಿಡಿಯುವವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಅವರು ತಾವೇ ಕಟ್ಟಿ ಸ್ಪರ್ಧೆಗೆ ಒಯ್ಯುವ ಫಾರ್ಮುಲಾ ಸ್ಟೂಡೆಂಟ್ ಕಾರುಗಳಲ್ಲಿ ಅತಿ ಸಣ್ಣ ಮೈಯ ಹೆಂಗಸಿನಿಂದ ಹಿಡಿದು ಅತಿ ದೊಡ್ಡ ಮೈಯ ಗಂಡಸಿನವರೆಗೆ ಎಲ್ಲರೂ ಕೂರುವಂತಿರಬೇಕು ಎಂಬುದು ನಿಯಮ. ಬ್ರೇಕ್ ಪೆಡಲ್ 2000 ನ್ಯೂಟನ್ ಬಲವನ್ನು, ಅಂದರೆ ಸುಮಾರು 200 ಕಿಲೊ ಭಾರವನ್ನು, ಮುರಿಯದೆ ತಾಳಬೇಕು. ಬ್ರೇಕ್ ಕೈಕೊಟ್ಟು ಪೆಡಲ್ ಮಿತಿಮೀರಿ ಮುಂದೆ ಹೋದರೆ ಎಂಜಿನ್ ತಾನಾಗಿ ಆಫ್ ಆಗುವ ಸ್ವಿಚ್ಚೂ ಕಡ್ಡಾಯ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ ಇಂಥ ಕಾರುಗಳನ್ನು ವರ್ಷಗಳಿಂದ ಕಟ್ಟುತ್ತಿದೆ; ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ದೇಶದ ನಾನಾ ಕಾಲೇಜುಗಳ ತಂಡಗಳು ಬರುತ್ತವೆ. ಈ ಕಾರುಗಳಲ್ಲಿ ರೂಢಿಯಲ್ಲಿರುವ ಪೆಡಲ್ ಪೆಟ್ಟಿಗೆಯ ವಿನ್ಯಾಸ ಸರಳ: ಎರಡು ಹಳಿ, ಅವುಗಳಲ್ಲಿ ಸಾಲಾಗಿ ರಂಧ್ರ, ಪಿನ್ ಎಳೆದು ಪೆಟ್ಟಿಗೆ ಸರಿಸಿ ಮತ್ತೆ ಪಿನ್ ಹಾಕುವುದು. ಚಾಲಕರು ಬದಲಾಗುವಾಗ ನಿಮಿಷದೊಳಗೆ ಆಗುವ ಕೆಲಸ. ಮಾರ್ಕೋಸಿನ ಹಳೆಯ ಆಲೋಚನೆ ವಿದ್ಯಾರ್ಥಿಗಳ ಕೈಯಲ್ಲಿ ಅಗ್ಗವಾಗಿ ಜೀವಂತವಾಗಿರುವುದು ಕಂಡು ನನಗೆ ತುಂಬ ಸಂತೋಷ.

ಹೀಲ್ ಆಂಡ್ ಟೋ ಇನ್ನೆಷ್ಟು ದಿನ ಎಂಬ ಮಾತೂ ಇದೆ. 2009ರ ಮಾದರಿಯ ನಿಸ್ಸಾನ್ 370ಜೆಡ್ ಗೇರ್ ಇಳಿಸುವಾಗ ಎಂಜಿನ್ನಿನ ವೇಗವನ್ನು ತಾನೇ ಹೊಂದಿಸುವ ವ್ಯವಸ್ಥೆ ತಂದ ಮೇಲೆ ಮ್ಯಾನ್ಯುಯಲ್ ಗೇರಿನ ಹಲವು ಕಾರುಗಳು ಅದನ್ನು ಅನುಸರಿಸಿವೆ. ಎಂಎಕ್ಸ್-5 ಆ ಕೆಲಸವನ್ನು ಈಗಲೂ ಕಾಲಿಗೇ ಬಿಟ್ಟಿದೆ, ಕೇಟರ್‌ಹ್ಯಾಮ್ ಕೂಡ. ನಾನು ಅವೆರಡರ ಪಕ್ಷ.

ತಿದ್ದುಪಡಿ ಮುಗಿದ ಮೇಲೆ ಪರೀಕ್ಷೆಗೆ ಅರ್ಧ ದಿನ ಎತ್ತಿಡಬೇಕು. ಮೊದಲು ಬ್ರೇಕ್ ಲೈಟ್. ಅದರ ಸ್ವಿಚ್ ಪೆಡಲಿನ ತೋಳಿಗೇ ತಾಗಿಕೊಂಡಿರುವುದರಿಂದ ಪೆಡಲ್ ತುಸು ಕದಲಿದರೂ ದೀಪ ಸದಾ ಉರಿಯಬಹುದು, ಇಲ್ಲವೇ ಒತ್ತಿದರೂ ಹತ್ತದಿರಬಹುದು. ಎಷ್ಟೋ ಕಾರುಗಳಲ್ಲಿ ಪೆಡಲ್ ಹಿಂದೆ ಬಂದು ನಿಲ್ಲುವುದು ಆ ಸ್ವಿಚ್ಚಿಗೆ ಆನಿಕೊಂಡೇ, ಆದ್ದರಿಂದ ಅದನ್ನು ತಿರುಗಿಸಿದರೆ ಫ್ರೀ ಪ್ಲೇ ಕೂಡ ಬದಲಾಗುತ್ತದೆ. ಆಮೇಲೆ ದಿನವೂ ಹಾಕುವ ಶೂವನ್ನೇ ಹಾಕಿಕೊಂಡು ಖಾಲಿ ಮೈದಾನದಲ್ಲಿ ನಿಧಾನ ವೇಗದಿಂದ ಶುರುಮಾಡಿ ಬಲವಾಗಿ ನಿಲ್ಲಿಸಿ ನೋಡಬೇಕು, ಎಂಜಿನ್ನಿನ ದನಿ ಏರಿತೇ ಎಂದು ಕಿವಿಗೊಡಬೇಕು. ಏರಿದರೆ ಶೂ ಆಕ್ಸಿಲರೇಟರನ್ನು ಮುಟ್ಟುತ್ತಿದೆ ಎಂದೇ ಅರ್ಥ. ಹತ್ತಿಪ್ಪತ್ತು ಸಲ ನಿಲ್ಲಿಸಿ ಬ್ರೇಕ್ ಬಿಸಿಯಾದ ಮೇಲೆ ಜಾಕ್ ಹಾಕಿ ಒಂದೊಂದೇ ಚಕ್ರವನ್ನು ಕೈಯಿಂದ ತಿರುಗಿಸಬೇಕು; ತಣ್ಣಗಿದ್ದಾಗ ತಿರುಗಿದಷ್ಟೇ ಸಲೀಸಾಗಿ ತಿರುಗಬೇಕು. ಬಿಗಿದ ಪ್ರತಿ ಲಾಕ್ ನಟ್ಟಿನಿಂದ ಸರಳಿನವರೆಗೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ನೂರು ಕಿಲೊಮೀಟರ್ ಓಡಿಸಿ ಬಂದು ಟಾರ್ಚ್ ಹಿಡಿದಾಗ ಯಾವುದು ಸಡಿಲಾಗಿದೆ ಎಂಬುದು ಗೆರೆ ಮುರಿದ ಕಡೆ ನೇರವಾಗಿ ಕಾಣುತ್ತದೆ.